ವೇಲೆನ್ಸಿ ಬೇರೆ, ಉತ್ಕರ್ಷಣ ಸಂಖ್ಯೆ ಬೇರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾರವಾರದಲ್ಲಿ ಹೈಸ್ಕೂಲು, ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಟ್ಯೂಷನ್ ಹೇಳುತ್ತೇನೆ. ಊರು ಶಿರಸಿ ಕಡೆ, ಅಡಿಕೆ ತೋಟದ ಮನೆ. ಒಂಬತ್ತನೇ ಕ್ಲಾಸಲ್ಲಿ ವೇಲೆನ್ಸಿ ಬರುತ್ತದೆ. ಅದು ಹೇಗೋ ತಲೆಗೆ ಹತ್ತಿತು ಅನ್ನುವಷ್ಟರಲ್ಲಿ ಫಸ್ಟ್ ಪಿಯುನಲ್ಲಿ ಆಕ್ಸಿಡೇಷನ್ ನಂಬರ್ ಅಂತ ಇನ್ನೊಂದು ಎದುರಾಗುತ್ತದೆ, ನಮ್ಮ ಕನ್ನಡ ಪುಸ್ತಕದ ಉತ್ಕರ್ಷಣ ಸಂಖ್ಯೆ ಅಂದರೆ ಅದೇ ಅಂತ ತಿಳಿಯೋದಕ್ಕೇ ಕೆಲವರಿಗೆ ಒಂದು ತಿಂಗಳು ಬೇಕು. ಎರಡೂ ನೋಡಲು ಒಂದೇ ಥರ ಕಾಣುತ್ತವೆ. ಅಲ್ಲಿಂದ ಗೊಂದಲ ಶುರು. ಪ್ರತಿ ವರ್ಷ ಮಕ್ಕಳು ಬದಲಾಗುತ್ತಾರೆ, ಪ್ರಶ್ನೆಗಳು ಮಾತ್ರ ಅವೇ. ಅವನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಒಂದು ಮಾತು. ಸೂತ್ರಗಳನ್ನು ಇಲ್ಲಿ ಬಾಯಿಮಾತಲ್ಲೇ ಹೇಳಿದ್ದೇನೆ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಸೂತ್ರವನ್ನು ನೀವೇ ಬರೆದುಕೊಳ್ಳುತ್ತಾ ಹೋಗಿ.

ಎರಡಕ್ಕೂ ವ್ಯತ್ಯಾಸ ಏನು? ಚಿಕ್ಕದಾಗಿ ಹೇಳಿ.

ವೇಲೆನ್ಸಿ ಅಂದರೆ ಎಣಿಕೆ. ಉತ್ಕರ್ಷಣ ಸಂಖ್ಯೆ ಅಂದರೆ ಖಾತೆ.

ಒಂದು ಪರಮಾಣು ಎಷ್ಟು ಬಂಧ ಮಾಡಿಕೊಂಡಿದೆ ಅಂತ ಬೆರಳು ಮಡಚಿ ಎಣಿಸಿದರೆ ಸಿಗುವುದು ವೇಲೆನ್ಸಿ. ಅದಕ್ಕೆ ಪ್ಲಸ್ಸೂ ಇಲ್ಲ, ಮೈನಸ್ಸೂ ಇಲ್ಲ. ಉತ್ಕರ್ಷಣ ಸಂಖ್ಯೆ ಹಾಗಲ್ಲ. ಪ್ರತಿ ಬಂಧದಲ್ಲೂ ಇರುವ ಎಲೆಕ್ಟ್ರಾನ್‌ಗಳನ್ನು ಇಬ್ಬರಲ್ಲಿ ಯಾರು ಜೋರೋ ಅವರ ಹೆಸರಿಗೇ ಪೂರ್ತಿ ಬರೆದುಬಿಟ್ಟರೆ, ಕೊನೆಗೆ ಯಾರ ಖಾತೆಯಲ್ಲಿ ಎಷ್ಟು ಹೆಚ್ಚು, ಎಷ್ಟು ಕಡಿಮೆ ಅನ್ನುವ ಲೆಕ್ಕ ಅದು.

ನೀರನ್ನೇ ನೋಡಿ. ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ಆಕ್ಸಿಜನ್ ಎರಡು ಬಂಧ ಮಾಡಿದೆ, ವೇಲೆನ್ಸಿ 2. ಖಾತೆ ಬರೆಯುವಾಗ ಎರಡೂ ಹೈಡ್ರೋಜನ್ನಿನ ಎಲೆಕ್ಟ್ರಾನ್ ಆಕ್ಸಿಜನ್ ಪಾಲಿಗೆ ಹೋಗುತ್ತದೆ. ಹಾಗಾಗಿ ಆಕ್ಸಿಜನ್ −2, ಹೈಡ್ರೋಜನ್ ತಲಾ +1. ಇಲ್ಲಿ 2 ಅನ್ನುವ ಅಂಕೆ ಎರಡೂ ಕಡೆ ಬಂತು, ಅಲ್ವಾ? ಕ್ಲಾಸಲ್ಲಿ ಕೊಡುವ ಸುಲಭದ ಉದಾಹರಣೆಗಳಲ್ಲೆಲ್ಲ ಹೀಗೇ ಆಗುತ್ತದೆ. ಅದಕ್ಕೇ ಮಕ್ಕಳು ಚಿಹ್ನೆ ಹಚ್ಚಿದ ವೇಲೆನ್ಸಿಯೇ ಉತ್ಕರ್ಷಣ ಸಂಖ್ಯೆ ಅಂದುಕೊಂಡುಬಿಡುತ್ತಾರೆ. ಈಗ ಸುಮ್ನೆ ಆಕ್ಸಿಜನ್ ಅನಿಲ ತೆಗೆದುಕೊಳ್ಳಿ. ಎರಡು ಆಕ್ಸಿಜನ್ ನಡುವೆ ಎರಡು ಬಂಧ, ವೇಲೆನ್ಸಿ ಈಗಲೂ 2. ಆದರೆ ಇಬ್ಬರೂ ಸಮಬಲರು, ಯಾರೂ ಯಾರದ್ದೂ ಕಸಿಯುವ ಹಾಗಿಲ್ಲ. ಉತ್ಕರ್ಷಣ ಸಂಖ್ಯೆ 0.

ಎಲೆಕ್ಟ್ರಾನ್ ಸಿಕ್ಕಿದವನಿಗೆ ಮೈನಸ್, ಕಳೆದುಕೊಂಡವನಿಗೆ ಪ್ಲಸ್. ಇದು ಉಲ್ಟಾ ಅಲ್ವಾ?

ಉಲ್ಟಾ ಅನ್ನಿಸುತ್ತದೆ. ಆದರೆ ಎಲೆಕ್ಟ್ರಾನಿನ ಆವೇಶವನ್ನು ನಾವು ಏನಂತ ಕರೆಯುತ್ತೇವೆ? ಋಣ. ಕನ್ನಡದಲ್ಲಿ ಋಣ ಅಂದರೆ ಮೈನಸ್ಸೂ ಹೌದು, ಸಾಲವೂ ಹೌದು. ಎಲೆಕ್ಟ್ರಾನನ್ನು ಸಾಲದ ಚೀಟಿ ಅಂದುಕೊಳ್ಳಿ. ಚೀಟಿ ಯಾರ ಕೈಗೆ ಬಂತೋ ಅವರ ಖಾತೆ ಇಳಿಯಿತು. ಚೀಟಿ ದಾಟಿಸಿದವನು ಋಣಮುಕ್ತ, ಅವನಿಗೆ ಪ್ಲಸ್.

ವೇಲೆನ್ಸಿ ಎಲ್ಲಿಂದ ಬರುತ್ತದೆ? ಬಾಯಿಪಾಠ ಮಾಡಲೇಬೇಕಾ?

ಮೊದಲ 20 ಧಾತುಗಳಿಗೆ ಬಾಯಿಪಾಠ ಬೇಡ. ಹೊರಕವಚದಲ್ಲಿ ಎಷ್ಟು ಎಲೆಕ್ಟ್ರಾನ್ ಇದೆ ನೋಡಿ. ನಾಲ್ಕು ಅಥವಾ ಕಡಿಮೆ ಇದ್ದರೆ ಅದೇ ವೇಲೆನ್ಸಿ. ಜಾಸ್ತಿ ಇದ್ದರೆ 8ರಿಂದ ಕಳೆಯಿರಿ. ಮೊದಲನೇ ಕವಚ ಎರಡಕ್ಕೇ ತುಂಬುತ್ತದೆ, ಹಾಗಾಗಿ ಹೀಲಿಯಂ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ, ಅದರದ್ದು 0.

ಗೋಕರ್ಣದ ಹತ್ತಿರ ಸಾಣಿಕಟ್ಟಾದ ಗದ್ದೆಗಳಲ್ಲಿ ಬಿಸಿಲಿಗೆ ಕಟ್ಟುವ ಉಪ್ಪನ್ನು ನೋಡಿರುತ್ತೀರಿ. ಅದರಲ್ಲಿರುವ ಸೋಡಿಯಂಗೆ 11 ಎಲೆಕ್ಟ್ರಾನ್: 2, 8, 1. ಹೊರಗಿನ ಒಂದನ್ನು ಬಿಟ್ಟುಕೊಟ್ಟರೆ ಆಯಿತು. ಕ್ಲೋರಿನ್‌ಗೆ 17: 2, 8, 7. ಒಂದು ಸಿಕ್ಕಿದರೆ ಸಾಕು. ಇಬ್ಬರಿಗೂ ವೇಲೆನ್ಸಿ 1. ಹೀಗೆ ಪ್ರತಿ ಧಾತುವಿಗೂ ಕೂಡಿಕೊಳ್ಳುವ ಶಕ್ತಿಗೆ ಒಂದು ಮಿತಿ ಇದೆ ಅಂತ ಮೊದಲು ಸ್ಪಷ್ಟವಾಗಿ ಹೇಳಿದವರು ಇಂಗ್ಲೆಂಡಿನ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್, 1852ರಲ್ಲಿ. ಆಗ ಎಲೆಕ್ಟ್ರಾನ್ ಅಂತ ಒಂದಿದೆ ಅನ್ನುವುದೇ ಯಾರಿಗೂ ಗೊತ್ತಿರಲಿಲ್ಲ. ಬರೀ ತೂಕ ಮಾಡಿ, ಹೋಲಿಸಿ ಕಂಡುಕೊಂಡದ್ದು ಅದು.

ಉಪ್ಪಿನ ಹರಳಲ್ಲಿ ಒಂದು ಸೋಡಿಯಂ ಸುತ್ತ ಆರು ಕ್ಲೋರಿನ್ ಇದೆ ಅಂತಾರೆ. ಹಾಗಾದ್ರೆ ವೇಲೆನ್ಸಿ 6 ಆಗಬೇಕಲ್ಲ?

ಇದನ್ನು ಕೇಳಿದ ಹುಡುಗಿ ಕುಮಟಾದವಳು. ಆ ದಿನ ನನಗೆ ಪಾಠ ಮುಂದುವರಿಸಲು ಮನಸ್ಸೇ ಬರಲಿಲ್ಲ, ಅಷ್ಟು ಒಳ್ಳೇ ಪ್ರಶ್ನೆ.

ಉಪ್ಪಿನಲ್ಲಿ ಇವನು ಇವಳಿಗೆ ಅಂತ ಜೋಡಿ ಇಲ್ಲ. ಸೋಡಿಯಂ ಅಯಾನು, ಕ್ಲೋರೈಡ್ ಅಯಾನು (ಎಲೆಕ್ಟ್ರಾನ್ ಕೊಟ್ಟೋ ಪಡೆದೋ ಆವೇಶ ಬಂದ ಪರಮಾಣುವೇ ಅಯಾನು) ಚದುರಂಗದ ಮನೆಗಳ ಹಾಗೆ ಒಂದು ಬಿಟ್ಟು ಒಂದು ಕೂತಿವೆ, ಪ್ರತಿಯೊಂದರ ಸುತ್ತಲೂ ಎದುರು ಆವೇಶದವು ಆರು. ಪಕ್ಕದಲ್ಲಿ ಎಷ್ಟು ಜನ ಕೂತಿದ್ದಾರೆ ಅನ್ನುವುದು ಬೇರೆ, ಎಷ್ಟು ಎಲೆಕ್ಟ್ರಾನ್ ಕೊಟ್ಟೆ ಅನ್ನುವುದು ಬೇರೆ. ಸೋಡಿಯಂ ಕೊಟ್ಟದ್ದು ಒಂದೇ. ಊಟದ ಪಂಕ್ತಿಯಲ್ಲಿ ಅಕ್ಕಪಕ್ಕ ಎದುರು ಎಷ್ಟೇ ಜನ ಇರಲಿ, ನಿಮ್ಮ ಎಲೆ ಒಂದೇ ತಾನೇ. ವೇಲೆನ್ಸಿಯನ್ನು "ಕೈಗಳು" ಅಂತ ಹೇಳಿಕೊಡುತ್ತಾರಲ್ಲ, ಆ ಹೋಲಿಕೆ ನೀರು, ಮೀಥೇನ್ ಥರದ ಅಣುಗಳಿಗೆ ಸರಿ. ಉಪ್ಪಿಗೆ ತಂದರೆ ಎಡವುತ್ತೀರಿ.

ವೇಲೆನ್ಸಿ ಬದಲಾಗದೆ ಉತ್ಕರ್ಷಣ ಸಂಖ್ಯೆ ಮಾತ್ರ ಬದಲಾಗೋದು ಉಂಟಾ?

ಉಂಟು. ಕಾರ್ಬನ್‌ನಷ್ಟು ಚೆನ್ನಾಗಿ ಇದನ್ನು ತೋರಿಸುವ ಧಾತು ಇನ್ನೊಂದಿಲ್ಲ. ಇದೊಂದು ಅರ್ಥವಾದರೆ ಮುಂದಿನದ್ದೆಲ್ಲ ಸಲೀಸು, ಹಾಗಾಗಿ ನಿಧಾನಕ್ಕೆ ಓದಿ.

ನಮ್ಮ ಕಡೆ ಕೊಟ್ಟಿಗೆ ಇರುವ ಮನೆಗಳಲ್ಲಿ ಗೋಬರ್ ಗ್ಯಾಸ್ ಇರುತ್ತದೆ. ಉರಿಯುವುದು ಅದರಲ್ಲಿನ ಮೀಥೇನ್: ಒಂದು ಕಾರ್ಬನ್, ನಾಲ್ಕು ಹೈಡ್ರೋಜನ್. ಹೈಡ್ರೋಜನ್‌ಗಿಂತ ಕಾರ್ಬನ್ ಸ್ವಲ್ಪ ಜೋರು. ನಾಲ್ಕೂ ಎಲೆಕ್ಟ್ರಾನ್ ಅದರ ಖಾತೆಗೆ. ಕಾರ್ಬನ್ −4.

ಒಂದು ಹೈಡ್ರೋಜನ್ ತೆಗೆದು ಅಲ್ಲಿ ಆಕ್ಸಿಜನ್-ಹೈಡ್ರೋಜನ್ ಜೋಡಿ ಕೂರಿಸಿ. ಅದು ಮೆಥನಾಲ್. ಈಗ ಮೂರು ಹೈಡ್ರೋಜನ್‌ನಿಂದ ಬಂದದ್ದು ಮೂರು, ಆಕ್ಸಿಜನ್‌ಗೆ ಹೋದದ್ದು ಒಂದು. ಕಾರ್ಬನ್ −2.

ಮುಂದಿನದ್ದು ಫಾರ್ಮಾಲ್ಡಿಹೈಡ್. ಬಯಾಲಜಿ ಲ್ಯಾಬಿನ ಗಾಜಿನ ಬಾಟಲಿಯಲ್ಲಿ ಹಾವು, ಮೀನು ಮುಳುಗಿಸಿ ಇಟ್ಟಿರುವ ಫಾರ್ಮಲಿನ್‌ನಲ್ಲಿ ಇರುವುದು ಅದೇ. ಎರಡು ಹೈಡ್ರೋಜನ್‌ನಿಂದ ಎರಡು ಬಂತು, ಆಕ್ಸಿಜನ್ ಜೊತೆ ಎರಡು ಬಂಧ ಇರುವುದರಿಂದ ಎರಡು ಹೋಯಿತು. ಕಾರ್ಬನ್ 0! ಸಂಯುಕ್ತದೊಳಗೆ ಇದ್ದೂ ಸೊನ್ನೆ. ಇದನ್ನು ನೋಡಿ ಮಕ್ಕಳು ಉತ್ತರ ತಪ್ಪಾಯಿತು ಅಂತ ಹೊಡೆದು ಹಾಕುತ್ತಾರೆ, ಹೊಡೆಯಬೇಡಿ.

ಇನ್ನೊಂದು ಮೆಟ್ಟಿಲು ಹತ್ತಿದರೆ ಫಾರ್ಮಿಕ್ ಆಮ್ಲ. ತೋಟದಲ್ಲಿ ಚಗಳಿ ಇರುವೆ ಮೈಗೆ ಹತ್ತಿದಾಗ ಉರಿಯುತ್ತದಲ್ಲ, ಅದರ ಉರಿ ಇದೇ. ಕಾರ್ಬನ್ +2. ಕೊನೆಯದು ಕಾರ್ಬನ್ ಡೈಆಕ್ಸೈಡ್, ಒಲೆಯಿಂದಲೂ ನಮ್ಮ ಮೂಗಿನಿಂದಲೂ ಹೊರಬರುವುದು. ಕಾರ್ಬನ್ +4.

−4, −2, 0, +2, +4. ಈಗ ಐದರಲ್ಲೂ ಕಾರ್ಬನ್ ಸುತ್ತ ಗೆರೆ ಎಳೆದು ಬಂಧ ಎಣಿಸಿ. ಎಲ್ಲದರಲ್ಲೂ ನಾಲ್ಕೇ. ವೇಲೆನ್ಸಿ ಅಲ್ಲಾಡಲಿಲ್ಲ, ಖಾತೆ ಮಾತ್ರ ಎಂಟು ಮೆಟ್ಟಿಲು ಏರಿತು. ಒಲೆಯಲ್ಲಿ ಗೋಬರ್ ಗ್ಯಾಸ್ ಉರಿಯುವಾಗ ಬಿಸಿಯಾಗಿ ಹೊರಬೀಳುವುದು ಈ −4ರಿಂದ +4ರವರೆಗಿನ ಪಯಣ.

ಯಾರು "ಜೋರು" ಅಂತ ಗೊತ್ತಾಗೋದು ಹೇಗೆ?

ಎಲೆಕ್ಟ್ರೋನೆಗೆಟಿವಿಟಿ ನೋಡಿ, ಅಂದರೆ ಬಂಧದ ಎಲೆಕ್ಟ್ರಾನನ್ನು ತನ್ನ ಕಡೆ ಎಳೆದುಕೊಳ್ಳುವ ಶಕ್ತಿ. 1932ರಲ್ಲಿ ಲೈನಸ್ ಪಾಲಿಂಗ್ ಇದಕ್ಕೊಂದು ಅಳತೆಗೋಲು ಮಾಡಿದರು. ಇವತ್ತು ಬಳಸುವ ಅಂಕೆಗಳಲ್ಲಿ ಫ್ಲೋರಿನ್ 3.98, ಆಕ್ಸಿಜನ್ 3.44, ಕ್ಲೋರಿನ್ 3.16, ನೈಟ್ರೋಜನ್ 3.04, ಕಾರ್ಬನ್ 2.55, ಹೈಡ್ರೋಜನ್ 2.20. ಅಂಕೆ ನೆನಪಿಡಬೇಡಿ, ಸಾಲು ನೆನಪಿಡಿ.

ನಿಯಮಗಳು ಎಷ್ಟೊಂದು! ಎಲ್ಲಿಂದ ಹಿಡಿಯಬೇಕು?

ನಿಯಮಕ್ಕಿಂತ ಅವುಗಳ ಯಜಮಾನಿಕೆ ಮುಖ್ಯ. ಎರಡು ನಿಯಮ ಜಗಳ ಆಡಿದರೆ ಮೊದಲು ಹೇಳಿದ್ದು ಗೆಲ್ಲುತ್ತದೆ.

ಒಂಟಿ ಧಾತುವಾಗಿ ಇದ್ದರೆ 0. ತಾಮ್ರದ ಹಂಡೆಯ ತಾಮ್ರವೂ 0, ಗಾಳಿಯ ನೈಟ್ರೋಜನ್ನೂ 0. ಒಂದೇ ಪರಮಾಣುವಿನ ಅಯಾನು ಆದರೆ ಅದರ ಆವೇಶ ಎಷ್ಟೋ ಅಷ್ಟು. ಫ್ಲೋರಿನ್ ಸಂಯುಕ್ತದಲ್ಲಿ ಯಾವತ್ತೂ −1, ಅದಕ್ಕಿಂತ ಜೋರಿನವರೇ ಇಲ್ಲ. ಸೋಡಿಯಂ, ಪೊಟ್ಯಾಸಿಯಂ ಗುಂಪು +1. ಮೆಗ್ನೀಸಿಯಂ, ಕ್ಯಾಲ್ಸಿಯಂ ಗುಂಪು +2. ಅಲ್ಯೂಮಿನಿಯಂ +3. ಆಮೇಲೆ ಹೈಡ್ರೋಜನ್ +1. ಎಲ್ಲಕ್ಕಿಂತ ಕೊನೆಗೆ ಆಕ್ಸಿಜನ್ −2. ಇನ್ನು ಒಟ್ಟು ಮೊತ್ತ: ಅಣುವಾದರೆ 0, ಅಯಾನಾದರೆ ಅದರ ಆವೇಶಕ್ಕೆ ಸಮ. ಇದಕ್ಕೆ ರಿಯಾಯಿತಿಯೇ ಇಲ್ಲ.

ಈ ಸಾಲು ಹಿಡಿದರೆ ಅಪವಾದಗಳನ್ನು ಬೇರೆ ಕಲಿಯಬೇಕಾಗಿಲ್ಲ. ಸೋಡಿಯಂ ಹೈಡ್ರೈಡ್‌ನಲ್ಲಿ ಸೋಡಿಯಂ ಮೊದಲು +1 ತೆಗೆದುಕೊಂಡಿತು, ಹೈಡ್ರೋಜನ್‌ಗೆ −1 ಬಿಟ್ಟು ಗತಿಯಿಲ್ಲ. ಗಾಯಕ್ಕೆ ಹಾಕಿದರೆ ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಎರಡು ಹೈಡ್ರೋಜನ್ ಸೇರಿ +2, ಎರಡು ಆಕ್ಸಿಜನ್‌ಗೆ ಉಳಿದದ್ದು −2, ಅಂದರೆ ತಲಾ −1. ಆಕ್ಸಿಜನ್‌ಗೆ ಫ್ಲೋರಿನ್ ಗಂಟುಬಿದ್ದರಂತೂ ಪಾಪ, ಅದಕ್ಕೇ +2 ಬರುತ್ತದೆ.

ಒಂದು ಲೆಕ್ಕ ಪೂರ್ತಿ ಮಾಡಿ ತೋರಿಸಿ.

ಪೊಟ್ಯಾಸಿಯಂ ಪರ್ಮಾಂಗನೇಟ್. ನೇರಳೆ ಬಣ್ಣದ ಹರಳು. ಒಂದು ಪೊಟ್ಯಾಸಿಯಂ, ಒಂದು ಮ್ಯಾಂಗನೀಸ್, ನಾಲ್ಕು ಆಕ್ಸಿಜನ್. ಪೊಟ್ಯಾಸಿಯಂ +1. ನಾಲ್ಕು ಆಕ್ಸಿಜನ್ ಸೇರಿ −8. ಒಟ್ಟು 0 ಆಗಬೇಕಾದರೆ ಮ್ಯಾಂಗನೀಸ್ +7.

ಪಿಯುನಲ್ಲಿದ್ದಾಗ ಇದನ್ನು ಪಿಪೆಟ್‌ನಲ್ಲಿ ಬಾಯಿಂದ ಎಳೆಯಲು ಹೋಗಿ ಬಿಳಿ ಅಂಗಿ ತುಂಬಾ ಚೆಲ್ಲಿಕೊಂಡಿದ್ದೆ. ಮೊದಲು ನೇರಳೆ, ಮನೆ ಮುಟ್ಟುವಷ್ಟರಲ್ಲಿ ಕಂದು. ಆ ಕಂದು ಬಣ್ಣ ಮ್ಯಾಂಗನೀಸ್ ಡೈಆಕ್ಸೈಡ್‌ನದ್ದು, ಅದರಲ್ಲಿ ಮ್ಯಾಂಗನೀಸ್ +4. ಅಂದರೆ ಬಸ್ಸಿನಲ್ಲಿ ಕೂತಿದ್ದಾಗ ನನ್ನ ಅಂಗಿ +7ರಿಂದ +4ಕ್ಕೆ ಇಳಿಸುವ ಕೆಲಸ ಮಾಡುತ್ತಿತ್ತು. ಅಮ್ಮನಿಗೆ ಇದನ್ನು ವಿವರಿಸಿ ಪ್ರಯೋಜನ ಆಗಲಿಲ್ಲ. ಪಿಪೆಟ್‌ಗೆ ಬಾಯಿ ಹಚ್ಚಬೇಡಿ, ರಬ್ಬರ್ ಬಲ್ಬ್ ಬಳಸಿ.

ಉತ್ಕರ್ಷಣ ಯಾವುದು, ಅಪಕರ್ಷಣ ಯಾವುದು ಅಂತ ಪ್ರತಿ ಸಲ ಮರೆತುಹೋಗುತ್ತದೆ.

ಇಂಗ್ಲಿಷ್ ಮೀಡಿಯಂನವರು ಇದಕ್ಕೆ ಏನೇನೋ ಅಕ್ಷರ ಜೋಡಿಸಿ ಕಂಠಪಾಠ ಮಾಡುತ್ತಾರೆ. ನಮಗೆ ಅದು ಬೇಡವೇ ಬೇಡ. ಉತ್ಕರ್ಷ ಅಂದರೆ ಏರಿಕೆ. ಅಪಕರ್ಷ ಅಂದರೆ ಇಳಿಕೆ. ಸಂಖ್ಯೆ ಏರಿದರೆ ಉತ್ಕರ್ಷಣ, ಇಳಿದರೆ ಅಪಕರ್ಷಣ. ಹೆಸರಲ್ಲೇ ಉತ್ತರ ಇದೆ. ಇಂಗ್ಲಿಷಿನ ಹೆಸರು ಆಕ್ಸಿಜನ್‌ನಿಂದ ಬಂದದ್ದು, ಹಾಗಾಗಿ ಆಕ್ಸಿಜನ್ನೇ ಇಲ್ಲದ ಕಡೆ ಆಕ್ಸಿಡೇಷನ್ ಹೇಗಾಯಿತು ಅಂತ ಅವರಿಗೆ ಒಂದು ಹೆಚ್ಚಿನ ತಲೆಬಿಸಿ. ಸೋಡಿಯಂ, ಕ್ಲೋರಿನ್ ಸೇರಿ ಉಪ್ಪಾಗುವಾಗ ಆಕ್ಸಿಜನ್ ಎಲ್ಲಿದೆ? ಆದರೂ ಸೋಡಿಯಂ 0ಯಿಂದ +1ಕ್ಕೆ ಏರಿತು. ಉತ್ಕರ್ಷಣ. ಕನ್ನಡದಲ್ಲಿ ಈ ಶಬ್ದ ಯಾರು ಹುಟ್ಟಿಸಿದರೋ, ಅವರಿಗೆ ಒಂದು ನಮಸ್ಕಾರ.

ಇದನ್ನೆಲ್ಲ ಕಣ್ಣಾರೆ ನೋಡೋ ಹಾಗಿದೆಯಾ? ಬರೀ ಪೇಪರ್ ಮೇಲಿನ ಲೆಕ್ಕ ಅನ್ನಿಸುತ್ತೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಮಕ್ಕಳಾದರೆ ಇದನ್ನು ಪ್ರತಿ ಮಳೆಗಾಲ ನೋಡಿರುತ್ತೀರಿ, ಹೆಸರು ಗೊತ್ತಿರುವುದಿಲ್ಲ ಅಷ್ಟೇ.

ಅಡಿಕೆಗೆ ಕೊಳೆರೋಗ ಬರಬಾರದು ಅಂತ ಬೋರ್ಡೋ ದ್ರಾವಣ ಹೊಡೆಸುತ್ತಾರಲ್ಲ. ಶೇಕಡಾ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್, ತಾಮ್ರ ಅದರಲ್ಲಿ +2. ಆ ನೀಲಿ ಬಣ್ಣ ನೀರಿನ ಜೊತೆ ಸೇರಿದ +2 ತಾಮ್ರದ್ದೇ. ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಔಷಧಿ ಇದು. ನಂತರ 1910ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಅಧ್ಯಯನ ಮಾಡಿ ಇದನ್ನು ನಮ್ಮ ತೋಟದವರಿಗೆ ಹೇಳಿಕೊಟ್ಟರು.

ಒಂಬತ್ತನೇ ಕ್ಲಾಸಿನ ರಜೆಯಲ್ಲಿ ಅಪ್ಪ ನನಗೆ ಮೈಲುತುತ್ತ ಕರಗಿಸಲು ಹೇಳಿದ್ದರು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸುಣ್ಣ ಇತ್ತು. ನಾನು ಜಾಣ, ಪಕ್ಕದಲ್ಲಿದ್ದ ಹಳೇ ಕಬ್ಬಿಣದ ಬಾನಿಗೆ ಹಾಕಿ ನೀರು ಸುರಿದೆ. ಊಟ ಮುಗಿಸಿ ಬಂದು ನೋಡಿದರೆ ಬಾನಿಯ ಒಳಮೈಗೆಲ್ಲ ಕೆಂಪು ಕೆಸರಿನಂಥದ್ದು ಹತ್ತಿಕೊಂಡಿತ್ತು, ನೀಲಿ ಬಣ್ಣ ಪೇಲವವಾಗಿತ್ತು. ಉಜ್ಜಿದರೆ ಹೊಸ ತಾಮ್ರದ ಚೆಂಬಿನ ಹೊಳಪು. ಅಪ್ಪ ಬೈದದ್ದು ಇಲ್ಲಿ ಬರೆಯುವಂಥದ್ದಲ್ಲ. ದರ ಕೊಟ್ಟು ತಂದ ಔಷಧಿಯ ತಾಮ್ರವೆಲ್ಲ ಬಾನಿಗೆ ಮೆತ್ತಿಕೊಂಡಿತ್ತು, ಔಷಧಿ ಹೊಡೆಯಲು ಬಂದ ಕೊನೆಗೌಡ ಮರ ಹತ್ತದೆ ಕವಳ ಹಾಕಿಕೊಂಡು ಕೂತಿದ್ದ.

ಆಗಿದ್ದು ಇಷ್ಟು. ಬಾನಿಯ ಕಬ್ಬಿಣ 0ಯಲ್ಲಿತ್ತು, ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು +2 ಆಗಿ ನೀರಿಗಿಳಿಯಿತು. ನೀರಿನಲ್ಲಿದ್ದ +2 ತಾಮ್ರ ಆ ಎರಡನ್ನೂ ತೆಗೆದುಕೊಂಡು 0 ಆಗಿ, ಲೋಹವಾಗಿ ಬಾನಿಗೆ ಅಂಟಿತು. ಒಬ್ಬರು ಏರಿದರು, ಒಬ್ಬರು ಇಳಿದರು, ಏರಿದ್ದೂ ಇಳಿದದ್ದೂ ಸಮ. ವೇಲೆನ್ಸಿ ಹಿಡಿದು ಇದನ್ನು ವಿವರಿಸಲು ಹೋಗಿ ನೋಡಿ, ಆಗುವುದಿಲ್ಲ. ಲೋಹದ ತುಂಡಿನ ಬಗ್ಗೆ ವೇಲೆನ್ಸಿಗೆ ಹೇಳಲು ಏನೂ ಇಲ್ಲ.

ಅನುಭವಸ್ಥರು ಇದನ್ನೇ ಪರೀಕ್ಷೆಗೂ ಬಳಸುತ್ತಾರೆ. ದ್ರಾವಣ ತಯಾರಾದ ಮೇಲೆ ಉಜ್ಜಿದ ಕತ್ತಿಯನ್ನೋ ಮೊಳೆಯನ್ನೋ ಸ್ವಲ್ಪ ಹೊತ್ತು ಅದ್ದಿಡುತ್ತಾರೆ. ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಸುಣ್ಣ ಸರಿಯಾಗಿದ್ದರೆ ತಾಮ್ರ ಕರಗದ ರೂಪದಲ್ಲಿ ಕೂತಿರುತ್ತದೆ, ಕಬ್ಬಿಣದ ಕೈಗೆ ಸಿಗುವುದಿಲ್ಲ. ಬಿಡುವಾಗಿ ತಿರುಗುವ +2 ತಾಮ್ರ ಜಾಸ್ತಿ ಇದ್ದರೆ ಎಲೆ, ಕಾಯಿ ಸುಡುತ್ತದೆ, ಅದಕ್ಕೆ ಈ ಎಚ್ಚರಿಕೆ. ಗಮನಿಸಿ, ಸುಣ್ಣ ಸೇರಿದಾಗ ತಾಮ್ರದ ಸಂಖ್ಯೆ ಬದಲಾಗಿಲ್ಲ. ಆಗಲೂ +2, ಈಗಲೂ +2. ಹಿಡಿದು ಕೂರಿಸಿದ್ದಷ್ಟೇ.

ಬಾವಿ ನೀರು ಸೇದಿದಾಗ ತಿಳಿಯಾಗಿರುತ್ತೆ, ಬೆಳಿಗ್ಗೆ ನೋಡಿದರೆ ಕೊಡದ ತಳದಲ್ಲಿ ಕೆಂಪು. ಇದೂ ಅದೇನಾ?

ಹೌದು, ಕಬ್ಬಿಣದಂಶ ಇರುವ ನೀರಾದರೆ ಇದೇ. ಚಿರೆಕಲ್ಲಿನ ನೆಲದಲ್ಲಿ ಕಬ್ಬಿಣಕ್ಕೆ ಬರವಿಲ್ಲ. ನೆಲದಡಿ ಗಾಳಿ ತಾಗದ ನೀರಲ್ಲಿ ಕಬ್ಬಿಣ +2 ಆಗಿ ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೇಲೆ ತಂದು ಇಟ್ಟಾಗ ಗಾಳಿಯ ಆಕ್ಸಿಜನ್ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. +3 ಆದ ಕಬ್ಬಿಣ ನೀರಲ್ಲಿ ನಿಲ್ಲಲಾರದೆ ಕೆಂಪು ಗಸಿಯಾಗಿ ಇಳಿಯುತ್ತದೆ. ಚಿರೆಕಲ್ಲಿನ ಕೆಂಪೂ +3 ಕಬ್ಬಿಣದ್ದೇ, ತುಕ್ಕಿನ ಕೆಂಪೂ ಅದರದ್ದೇ. ಅಡಿಕೆ ಚೊಗರು ಕಬ್ಬಿಣಕ್ಕೆ ತಾಗಿ ಕಪ್ಪಾಗುವುದೂ +3 ಕಬ್ಬಿಣ ಚೊಗರಿನ ಟ್ಯಾನಿನ್ ಜೊತೆ ಸೇರಿದ್ದಕ್ಕೆ.

ಹಾಗೇ ಬೈತಖೋಲ ಬಂದರಿನಂಥ ಕಡೆ ಸ್ಟೀಲ್ ಬೋಟುಗಳ ತಳಕ್ಕೆ ಸತುವಿನ ಗಟ್ಟಿ ಬಡಿಯುವುದೂ ಇದೇ ಲೆಕ್ಕ. ಕಬ್ಬಿಣಕ್ಕಿಂತ ಮೊದಲು ಸತು ಎಲೆಕ್ಟ್ರಾನ್ ಬಿಟ್ಟುಕೊಟ್ಟು +2 ಆಗುತ್ತದೆ, ಕಬ್ಬಿಣ 0ಯಲ್ಲೇ ಉಳಿಯುತ್ತದೆ. ಸತು ಸವೆದಾಗ ಹೊಸದು ಹಾಕಬೇಕು.

ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯಲ್ಲಿ "ಫೆರಸ್" ಅಂತ ಯಾಕೆ?

ಫೆರಸ್ ಅಂದರೆ +2, ಫೆರಿಕ್ ಅಂದರೆ +3. ಕರುಳು +2 ಕಬ್ಬಿಣವನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ನಿಂಬೆ, ನೆಲ್ಲಿಕಾಯಿಯ ವಿಟಮಿನ್ ಸಿ ಊಟದಲ್ಲಿನ +3 ಕಬ್ಬಿಣವನ್ನು +2ಕ್ಕೆ ಇಳಿಸಲು ನೆರವಾಗುತ್ತದೆ.

ಬೆಂಕಿ, ಬಿಸಿ, ಹೊಗೆ ಇದ್ದರೆ ಅದು ಉತ್ಕರ್ಷಣ ಅಂತ ಬರೆಯಬಹುದಾ?

ಬರೆಯಬೇಡಿ. ಅಘನಾಶಿನಿ ಅಳಿವೆಯ ಬಳಚು ನಿಮಗೆ ಗೊತ್ತು. ಅಂಥ ಚಿಪ್ಪನ್ನು ಭಟ್ಟಿಯಲ್ಲಿ ಸುಟ್ಟು ಸುಣ್ಣ ಮಾಡುತ್ತಾರೆ. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಸುಟ್ಟರೆ ಕ್ಯಾಲ್ಸಿಯಂ ಆಕ್ಸೈಡ್ ಉಳಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ. ಲೆಕ್ಕ ಹಾಕಿ. ಕ್ಯಾಲ್ಸಿಯಂ ಮೊದಲೂ +2, ಆಮೇಲೂ +2. ಕಾರ್ಬನ್ +4, +4. ಆಕ್ಸಿಜನ್ −2, −2. ಯಾರೂ ಏರಲಿಲ್ಲ, ಯಾರೂ ಇಳಿಯಲಿಲ್ಲ. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಕೊತಕೊತ ಕುದಿಯುತ್ತದೆ, ಕೈ ಇಡಲಾಗದಷ್ಟು ಬಿಸಿ. ಅಲ್ಲೂ ಯಾವ ಸಂಖ್ಯೆಯೂ ಬದಲಾಗುವುದಿಲ್ಲ. ಭಟ್ಟಿಗೆ ಹಾಕಿದ ಸೌದೆಯ ಕಾರ್ಬನ್ ಮಾತ್ರ ಏರುತ್ತದೆ, ಅದು ಬೇರೆ ಮಾತು.

ಉತ್ತರ ಭಿನ್ನರಾಶಿ ಬಂತು. ತಪ್ಪಾ?

ಲೆಕ್ಕ ಸರಿ, ಆದರೆ ಅದು ಸರಾಸರಿ. ಮ್ಯಾಗ್ನಟೈಟ್ ಅದಿರಲ್ಲಿ ಮೂರು ಕಬ್ಬಿಣ, ನಾಲ್ಕು ಆಕ್ಸಿಜನ್. ಭಾಗಿಸಿದರೆ 8/3. ಎರಡು ಚಿಲ್ಲರೆ ಎಲೆಕ್ಟ್ರಾನ್ ಯಾರೂ ಕೊಡುವುದಿಲ್ಲ. ಒಳಗೆ ನಿಜವಾಗಿ ಇರುವುದು ಎರಡು +3, ಒಂದು +2.

ಭಿನ್ನರಾಶಿ ಬರದಿದ್ದರೂ ಸರಾಸರಿ ಮೋಸ ಮಾಡಬಹುದು. ಅಮೋನಿಯಂ ನೈಟ್ರೇಟ್‌ನಲ್ಲಿ ಎರಡು ನೈಟ್ರೋಜನ್. ಒಟ್ಟಿಗೆ ಲೆಕ್ಕ ಹಾಕಿದರೆ ತಲಾ +1 ಬರುತ್ತದೆ, ನೋಡಲು ಅಚ್ಚುಕಟ್ಟು, ಅಪ್ಪಟ ಸುಳ್ಳು. ಅಮೋನಿಯಂ ಬೇರೆ, ನೈಟ್ರೇಟ್ ಬೇರೆ ಮಾಡಿ ಲೆಕ್ಕ ಹಾಕಿ: ಒಂದು −3, ಇನ್ನೊಂದು +5. ಅಯಾನುಗಳಾಗಿ ಒಡೆಯುವುದನ್ನು ಮೊದಲು ಒಡೆಯಿರಿ.

+7, +6 ಅಂತೆಲ್ಲ ಬರುತ್ತಲ್ಲ, ಅಷ್ಟು ಆವೇಶ ನಿಜವಾಗಿ ಇರುತ್ತದಾ?

ಇರುವುದಿಲ್ಲ. ಸಲ್ಫೇಟ್‌ನಲ್ಲಿ ಗಂಧಕ +6 ಅಂತ ಬರೆಯುತ್ತೇವೆ, ಆದರೆ ಆರು ಎಲೆಕ್ಟ್ರಾನ್ ಪೂರ್ತಿ ಬಿಟ್ಟುಕೊಟ್ಟು ಅದು ಬೋಳಾಗಿ ಕೂತಿಲ್ಲ. ಹಂಚಿಕೊಂಡಿದೆ, ಆಕ್ಸಿಜನ್ ಕಡೆ ಜಾಸ್ತಿ ವಾಲಿದೆ, ಅಷ್ಟೇ. ಜೋರಿನವನಿಗೆ ಪೂರ್ತಿ ಬರೆಯುವುದು ನಾವು ಮಾಡಿಕೊಂಡ ಲೆಕ್ಕದ ಪದ್ಧತಿ. ಸುಳ್ಳು ಲೆಕ್ಕ ಯಾಕೆ ಅಂತ ಕೇಳಿದರೆ, ಸಮೀಕರಣ ಸರಿದೂಗಿಸುವಾಗ ಯಾರಿಂದ ಯಾರಿಗೆ ಎಷ್ಟು ಎಲೆಕ್ಟ್ರಾನ್ ಹೋಯಿತು ಅನ್ನುವುದಕ್ಕೆ ಇದು ತಪ್ಪದೆ ಉತ್ತರ ಕೊಡುತ್ತದೆ. ಉಪ್ಪಿನಂಥ ಅಯಾನಿಕ ಸಂಯುಕ್ತಗಳಲ್ಲಿ ಖಾತೆಯ ಅಂಕೆಯೂ ಅಯಾನಿನ ಆವೇಶವೂ ಒಂದೇ.

ಅತಿ ಹೆಚ್ಚು ಎಷ್ಟು?

ಬಹಳ ಕಾಲ +8 ಕೊನೆಯ ಮಾತಾಗಿತ್ತು, ಆಸ್ಮಿಯಂ ಟೆಟ್ರಾಕ್ಸೈಡ್‌ನಲ್ಲಿ. 2014ರಲ್ಲಿ ಇರಿಡಿಯಂನ ಒಂದು ಅಯಾನಿನಲ್ಲಿ +9 ಕಂಡುಕೊಂಡರು.

ಕೈಗಾದಲ್ಲಿ ಯುರೇನಿಯಂ ಬಳಸುತ್ತಾರಲ್ಲ, ಅದರದ್ದು ಎಷ್ಟು?

ಕಾರವಾರದ ಮಕ್ಕಳು ಕೇಳದೆ ಬಿಡುವುದಿಲ್ಲ. ಇಂಧನ ಯುರೇನಿಯಂ ಡೈಆಕ್ಸೈಡ್, ಯುರೇನಿಯಂ +4. ಅಲ್ಲಿನ ಭಾರಜಲದಲ್ಲಿ ಹೈಡ್ರೋಜನ್ ಬದಲು ಡ್ಯೂಟೀರಿಯಂ ಇದೆ, ಅದೂ +1ಏ. ನ್ಯೂಟ್ರಾನ್ ಒಂದು ಜಾಸ್ತಿ ಇದ್ದರೆ ಖಾತೆಗೆ ಏನೂ ಆಗುವುದಿಲ್ಲ. ರಿಯಾಕ್ಟರಿನಲ್ಲಿ ಶಕ್ತಿ ಹುಟ್ಟುವುದು ಬೀಜಕೇಂದ್ರ ಒಡೆದು. ನಮ್ಮ ಪಾಠವೆಲ್ಲ ಹೊರಗಿನ ಎಲೆಕ್ಟ್ರಾನಿನದ್ದು. ಎರಡನ್ನೂ ಕಲಸಬೇಡಿ.

+2 ಬರೆಯಬೇಕಾ, 2+ ಬರೆಯಬೇಕಾ?

ಉತ್ಕರ್ಷಣ ಸಂಖ್ಯೆಗೆ ಚಿಹ್ನೆ ಮೊದಲು: +2. ಅಯಾನಿನ ಆವೇಶಕ್ಕೆ ಅಂಕೆ ಮೊದಲು: 2+. ಹೆಸರಿನೊಳಗೆ ರೋಮನ್ ಅಂಕಿಯಲ್ಲಿ ಬರೆಯುವ ಕ್ರಮವೂ ಇದೆ. ವೇಲೆನ್ಸಿಗೆ ಚಿಹ್ನೆ ಹಾಕಿದರೆ ನಾನಂತೂ ಅರ್ಧ ಅಂಕ ಕಡಿಯುತ್ತೇನೆ.

ಅಭ್ಯಾಸಕ್ಕೆ ನಾಲ್ಕು ಲೆಕ್ಕ ಕೊಡಿ, ಉತ್ತರದ ಸಮೇತ.

ವಾಷಿಂಗ್ ಸೋಡಾದಲ್ಲಿ ಕಾರ್ಬನ್: +4. ಹತ್ತು ನೀರಿನಣು ಇದ್ದರೂ ಅವುಗಳ ಮೊತ್ತ 0, ಹೆದರಬೇಡಿ. ಡೈಕ್ರೋಮೇಟ್ ಅಯಾನಿನಲ್ಲಿ ಕ್ರೋಮಿಯಂ: ಏಳು ಆಕ್ಸಿಜನ್ ಸೇರಿ −14, ಒಟ್ಟು −2 ಆಗಬೇಕು, ಎರಡು ಕ್ರೋಮಿಯಂಗೆ 12, ತಲಾ +6. ಕ್ಯಾಲ್ಸಿಯಂ ಹೈಡ್ರೈಡ್‌ನಲ್ಲಿ ಹೈಡ್ರೋಜನ್: −1.

ಕೊನೆಯದು ಸ್ವಲ್ಪ ಕುತಂತ್ರದ್ದು. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್‌ನಲ್ಲಿ ಕ್ಲೋರಿನ್ ಎಷ್ಟು? ಪಠ್ಯದ ಸೂತ್ರದಲ್ಲಿ ಒಂದು ಕ್ಯಾಲ್ಸಿಯಂ, ಒಂದು ಆಕ್ಸಿಜನ್, ಎರಡು ಕ್ಲೋರಿನ್. +2 ಮತ್ತು −2 ಹೊಡೆದುಹೋಗಿ ಕ್ಲೋರಿನ್‌ಗೆ 0 ಅಂತ ಬರುತ್ತದೆ. ಅದು ಮತ್ತೆ ಆ ಸರಾಸರಿಯ ಮೋಸ. ಒಂದು ಕ್ಲೋರಿನ್ ಬರೀ ಕ್ಲೋರೈಡ್, −1. ಇನ್ನೊಂದು ಆಕ್ಸಿಜನ್‌ಗೆ ಅಂಟಿಕೊಂಡಿದೆ, +1. ನೀರಿನಲ್ಲಿ ಕ್ರಿಮಿ ಸಾಯಿಸುವುದು ಆ +1 ಇರುವ ಕ್ಲೋರಿನ್.